ಪಪ್ಪ ಟೈಪ್ ಮಾಡಿದ ಲೆಟರ್

ಒಬೀಡಿಯೆಂಟ್ ಎನ್ನುವ ಶಬ್ದ ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಯಾರಾದರೂ ಯಾರದ್ದೋ ಮಗುವನ್ನು ಎತ್ತಿಕೊಂಡು 'ಎಷ್ಟು ಒಬೀಡಿಯೆಂಟ್ ನೋಡಿ' ಎಂದರೆ, ಆ ಮಗು ಅವರ ಕೈಯನ್ನೊಮ್ಮೆ ಕಚ್ಚಲಿ ಎಂದು ಮನಸ್ಸಿನಲ್ಲೇ ಹಾರೈಸುತ್ತೇನೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ಅಮ್ಮ ಹೇಳುತ್ತಾಳೆ. ಇರಲಿ, ಮೂಗು ನನ್ನದೇ. ಉಳಿದ ಸಿಟ್ಟುಗಳಿಗೆಲ್ಲ ಕಾರಣ ಕೊಡಲಾರೆ. ಈ ಒಂದಕ್ಕೆ ಕೊಡಬಲ್ಲೆ.

ದುಬೈಯ ಅಲ್ ಕೂಜ್‌ನಲ್ಲಿ ನಾನು ಎರಡು ವರ್ಷ ಸಿವಿಲ್ ಡಿಪ್ಲೊಮಾ ಓದಿದೆ. ಕೆಳಗೆ ಅಲ್ಯೂಮಿನಿಯಂ ಕಿಟಕಿ ಕತ್ತರಿಸುವ ವರ್ಕ್‌ಶಾಪ್, ಪಕ್ಕದಲ್ಲಿ ಟೈರಿನ ಗೋಡೌನ್, ಮೇಲಿನ ಎರಡು ಮಹಡಿ ನಮ್ಮ ಕಾಲೇಜು. ಗರಗಸ ಶುರುವಾದರೆ ಮೇಷ್ಟ್ರು ಪಾಠ ನಿಲ್ಲಿಸಿ ಬೋರ್ಡಿನ ಕಡೆ ತಿರುಗಿ ನಿಲ್ಲುತ್ತಿದ್ದರು. ಗರಗಸ ನಿಂತರೆ ಅರ್ಧಕ್ಕೆ ಬಿಟ್ಟ ವಾಕ್ಯದಿಂದಲೇ ಮುಂದುವರಿಸುತ್ತಿದ್ದರು. ದೊಡ್ಡ ಯೂನಿವರ್ಸಿಟಿಗೆ ಮೊದಲ ವರ್ಷದಿಂದಲೇ ಕಳಿಸುವ ಶಕ್ತಿ ನನ್ನ ಅಪ್ಪನ ಸಂಬಳಕ್ಕಿರಲಿಲ್ಲ. ಎರಡು ವರ್ಷ ಇಲ್ಲಿ ಓದುವುದು, ಆ ಪಾಠಗಳನ್ನೆಲ್ಲ ಲೆಕ್ಕಕ್ಕೆ ಹಿಡಿಸಿಕೊಂಡು ಅಬುಧಾಬಿಯ ಒಂದು ದೊಡ್ಡ ಯೂನಿವರ್ಸಿಟಿಯ ಮೂರನೆಯ ವರ್ಷಕ್ಕೆ ನೇರ ಸೇರುವುದು, ಇದು ನಮ್ಮ ಮನೆಯ ಯೋಜನೆಯಾಗಿತ್ತು. ಆ ಯೂನಿವರ್ಸಿಟಿಗೆ ನೂರು ಜನ ಅರ್ಜಿ ಹಾಕಿದರೆ ಎಷ್ಟು ಜನರನ್ನು ತೆಗೆದುಕೊಳ್ಳುತ್ತಾರೆ ಎಂಬುದನ್ನು ನಾನು ಬೇಕೆಂದೇ ತಿಳಿದುಕೊಳ್ಳಲಿಲ್ಲ.

ನನ್ನ ಡಿಪ್ಲೊಮಾ ಮುಗಿಯುವ ಹೊತ್ತಿಗೆ ಪಪ್ಪನಿಗೆ ಐವತ್ತೆಂಟು. ಅರವತ್ತಾದ ಮೇಲೆ ವೀಸಾ ರಿನ್ಯೂ ಮಾಡುವುದಿಲ್ಲ ಎಂದು ಅವರು ಕೆಲಸ ಮಾಡುವ ಅಂಗಡಿಯ ಅರ್ಬಾಬ್, ಅಂದರೆ ಮಾಲೀಕ, ಮೊದಲೇ ಹೇಳಿಬಿಟ್ಟಿದ್ದ. ಪಪ್ಪನ ವೀಸಾ ಮುಗಿದರೆ ಅದರ ಕೆಳಗಿರುವ ಅಮ್ಮನದ್ದೂ ನನ್ನದ್ದೂ ಮುಗಿಯುತ್ತದೆ, ಸಂಬಳ ನಿಲ್ಲುತ್ತದೆ, ಮೂವರೂ ಉಡುಪಿಯ ವಿಮಾನ ಹತ್ತುವುದೇ. ಉಡುಪಿಯಲ್ಲಿ ವಿಮಾನ ನಿಲ್ದಾಣವೇ ಇಲ್ಲ, ಇಳಿಯುವುದು ಮಂಗಳೂರಿನಲ್ಲಿ. ಆದರೂ ನಮ್ಮ ಮನೆಯಲ್ಲಿ ಹಾಗೆಯೇ ಹೇಳುವುದು. ಅಂದರೆ ನನ್ನ ಕೈಯಲ್ಲಿದ್ದದ್ದು ಸರಿಯಾಗಿ ಎರಡು ವರ್ಷ. ಯೂನಿವರ್ಸಿಟಿಯವರು ನನ್ನ ಡಿಪ್ಲೊಮಾವನ್ನು ಒಪ್ಪಿದರೆ ಎರಡು ವರ್ಷದಲ್ಲಿ ಡಿಗ್ರಿ. ಒಪ್ಪದೆ ಮೊದಲಿನಿಂದ ಓದು ಎಂದರೆ ನಾಲ್ಕು ವರ್ಷ, ಅಂದರೆ ಅರ್ಧಕ್ಕೆ ಬಿಟ್ಟು ಹೊರಡುವುದು.

ಪಪ್ಪ ಕೆಲಸ ಮಾಡುತ್ತಿದ್ದದ್ದು ಮುಹೈಸ್ನಾದ ಒಂದು ಟೈಪಿಂಗ್ ಸೆಂಟರಿನಲ್ಲಿ. ಲೇಬರ್ ಕ್ಯಾಂಪುಗಳ ನಡುವಿನ ಸಣ್ಣ ಅಂಗಡಿ. ವೀಸಾ ಫಾರ್ಮ್, ಎಮಿರೇಟ್ಸ್ ಐಡಿ ಅರ್ಜಿ, ರಜೆ ಚೀಟಿ, ಪಾಸ್‌ಪೋರ್ಟ್ ವಾಪಸ್ ಕೊಡಿ ಎಂದು ಕಂಪನಿಗೆ ಬರೆಯುವ ಬಿನ್ನಹ, ಹೊಸ ಕೆಲಸಕ್ಕೆ ಹೋಗುವವರಿಗೆ ಹಳೆಯ ಫೋರ್‌ಮನ್‌ನಿಂದ ಸಹಿ ಹಾಕಿಸಿಕೊಳ್ಳಲು ಒಂದು ಒಳ್ಳೆಯ ಲೆಟರ್. ಇಪ್ಪತ್ತಾರು ವರ್ಷ ಅವರು ಬೇರೆಯವರ ಬದಲಿಗೆ ವಿನಂತಿ ಮಾಡಿಕೊಂಡಿದ್ದಾರೆ. ಅವರ ಇಂಗ್ಲಿಷಿನಲ್ಲಿ 'ಕೈಂಡ್ಲಿ' ಇಲ್ಲದ ವಾಕ್ಯವೇ ಇರಲಿಲ್ಲ.

ಇನ್ನು ನನ್ನ ಸರ್ವೆ ಮೇಷ್ಟ್ರು. ಭಟ್ಕಳದವರು. ಮನೆಮಂದಿಯೆಲ್ಲ ದುಬೈಯ ದೇರಾ ಪೇಟೆಯಲ್ಲಿ ಬಟ್ಟೆ ವ್ಯಾಪಾರದಲ್ಲಿದ್ದರೆ ಇವರೊಬ್ಬರು ಮಾತ್ರ ಅಳತೆಯ ಹುಚ್ಚು ಹಿಡಿಸಿಕೊಂಡವರು. ಮನೆಯಲ್ಲಿ ನವಾಯತಿ, ಕ್ಲಾಸಿನಲ್ಲಿ ಇಂಗ್ಲಿಷ್, ನನ್ನೊಂದಿಗೆ ಕನ್ನಡ. ಅವರಿಗೂ ನನಗೂ ಆದ ಒಂದು ಜಗಳವನ್ನು ಹೇಳದೆ ಲೆಟರಿನ ಕಥೆ ಹೇಳಲಾಗುವುದಿಲ್ಲ.

ಎರಡನೆಯ ವರ್ಷ ನಮಗೆ ಕಾಲೇಜಿನ ಸುತ್ತಲಿನ ರಸ್ತೆಯ ಎತ್ತರ ತಗ್ಗು ಅಳೆಯುವ ಪ್ರಾಕ್ಟಿಕಲ್ ಇತ್ತು. ಒಬ್ಬರು ದುರ್ಬೀನಿನಂಥ ಲೆವೆಲ್ ಹಿಡಿದು ನೋಡಬೇಕು, ಇನ್ನೊಬ್ಬರು ದೂರದಲ್ಲಿ ಎತ್ತರದ ಅಳತೆಕೋಲು ಹಿಡಿದು ನಿಲ್ಲಬೇಕು. ಕಾಲೇಜಿನ ಮುಂದಿನ ಕಟ್ಟೆಯಿಂದ ಹೊರಟು, ಒಂದು ಸುತ್ತು ಹೊಡೆದು, ಅದೇ ಕಟ್ಟೆಗೆ ಮರಳಬೇಕು. ಹೊರಟ ಜಾಗಕ್ಕೇ ಬಂದ ಮೇಲೆ ವ್ಯತ್ಯಾಸ ಸೊನ್ನೆ ಬರಬೇಕು. ನನಗೆ ನಾಲ್ಕು ಸೆಂಟಿಮೀಟರ್ ಬಂತು. ಮತ್ತೆ ಮಾಡಿದೆ, ಮತ್ತೆ ನಾಲ್ಕು. ಉಳಿದವರಿಗೆಲ್ಲ ಅಚ್ಚುಕಟ್ಟಾದ ಸೊನ್ನೆ. ಹೇಗೆಂದು ಕೇಳಿದರೆ 'ಅಡ್ಜಸ್ಟ್ ಮಾಡ್ಬೇಕು' ಎಂದರು. ಅಂದರೆ ನಡುವಿನ ಒಂದೆರಡು ಅಂಕಿಗಳನ್ನು ತಿದ್ದಿ ಸೊನ್ನೆ ಬರಿಸುವುದು.

ನಾನು ನಾಲ್ಕನ್ನೇ ಬರೆದು ಕೊಟ್ಟೆ. ಸರ್ ನೋಟ್‌ಬುಕ್ಕನ್ನು ಮೇಜಿಗೆ ಕುಕ್ಕಿದರು.

"ಎಲ್ಲರಿಗೂ ಸೊನ್ನೆ ಬರ್ತದೆ, ನಿನಗೆ ಮಾತ್ರ ಎಂತಕ್ಕೆ ಬರೂದಿಲ್ಲ?"

"ಅವ್ರು ಸುಳ್ಳು ಬರ್ದಿದ್ದಾರೆ ಸರ್."

"ನೀನೊಬ್ಳೇ ಹರಿಶ್ಚಂದ್ರನ ಮಗಳಾ? ಖಲಾಸ್, ಸರಿ ಮಾಡಿ ಕೊಡು."

ನಾನು ಸರಿ ಮಾಡಲಿಲ್ಲ. ಮೂರು ದಿನ ಬಿಸಿಲಿನಲ್ಲಿ ಆ ಕೋಲನ್ನು ಹೊತ್ತುಕೊಂಡು ಸುತ್ತಿದೆ. ಟೈರಿನ ಗೋಡೌನಿನವರು ನನಗೆ ತಲೆ ಕೆಟ್ಟಿದೆ ಎಂದೇ ತಿಳಿದಿದ್ದರು. ಮೂರನೆಯ ದಿನ ಗೊತ್ತಾಯಿತು. ಒಂದರೊಳಗೊಂದು ತೂರಿ ಉದ್ದ ಮಾಡುವ ಆ ಕೋಲಿನಲ್ಲಿ ಎರಡನೆಯ ತುಂಡನ್ನು ಹಿಡಿದು ನಿಲ್ಲಿಸುವ ಸ್ಪ್ರಿಂಗ್ ಸತ್ತು ಹೋಗಿತ್ತು. ಮೇಲೆಳೆದು ಬಿಟ್ಟರೆ ಸದ್ದಿಲ್ಲದೆ ಸ್ವಲ್ಪ ಕೆಳಗೆ ಜಾರುತ್ತಿತ್ತು. ಸರ್ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದು ನಾನು ಕೆಲಸಕ್ಕೆ ಸೇರೂ ಮೊದಲೇ ಇಲ್ಲಿತ್ತು" ಎಂದರು. ಎಷ್ಟು ಬ್ಯಾಚ್ ಆ ಜಾರುವ ಕೋಲಿನಿಂದಲೇ ಅಳೆದು ಸುಳ್ಳು ಸೊನ್ನೆ ಬರೆದು ಪಾಸಾಗಿತ್ತೋ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಮ್ಮದು. ಸರ್ ಕೊನೆಗೆ ನನ್ನ ಕಡೆ ನೋಡಿ, "ದೊಡ್ಡ ಜಗಳಗಂಟಿ ನೀನು" ಎಂದರು. ಅದು ನನಗೆ ಆವರೆಗೆ ಸಿಕ್ಕಿದ್ದ ಅತಿ ಒಳ್ಳೆಯ ಸರ್ಟಿಫಿಕೇಟ್.

ಯೂನಿವರ್ಸಿಟಿ ಕೇಳಿದ ಕಾಗದಗಳ ಪಟ್ಟಿಯಲ್ಲಿ ಮೇಷ್ಟ್ರ ಶಿಫಾರಸು ಪತ್ರವೂ ಇತ್ತು. ನಾನು ಸರ್ ಹತ್ತಿರ ಹೋದೆ. ಅವರು ತಲೆಯೆತ್ತದೆ ಹೇಳಿದರು, "ನೀನೇ ಬರ್ಕೊಂಡು ಬಾ, ನಾನು ಸೈನ್ ಹಾಕ್ತೇನೆ."

ನಮ್ಮಲ್ಲಿ ಇದು ಹೀಗೆಯೇ. ಹೊಗಳಿಸಿಕೊಳ್ಳುವವರು ಹೊಗಳಿಕೆ ಬರೆದು ತರಬೇಕು, ಹೊಗಳುವವರು ಸಹಿ ಹಾಕುತ್ತಾರೆ. ಯಾರಿಗೂ ಇದರಲ್ಲಿ ತಪ್ಪು ಕಾಣುವುದಿಲ್ಲ. ನನಗೂ ಕಾಣಲಿಲ್ಲ. ಆದರೆ ನನ್ನನ್ನು ನಾನೇ ಹೊಗಳಿಕೊಳ್ಳಲು ಕೂತರೆ ಕೈ ಓಡಲಿಲ್ಲ. ಎಲ್ಲ ವಿಷಯಗಳ ಸಿಲೆಬಸ್‌ಗೆ ಠಸ್ಸೆ ಹಾಕಿಸಲು ಆಫೀಸಿನಿಂದ ಆಫೀಸಿಗೆ ಬೇರೆ ಅಲೆಯಬೇಕಿತ್ತು. ಪಪ್ಪನಿಗೆ ಹೇಳಿದೆ.

"ಲೆಟರ್ ಅಂದ್ರೆ ನನ್ನತ್ರ ಬಿಡು ಮಗಾ" ಎಂದರು ಪಪ್ಪ. "ಇಷ್ಟು ವರ್ಷ ನಾನು ಮಾಡಿದ್ದು ಎಂತ ಮತ್ತೆ?"

ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಊಟ ಬಿಟ್ಟು ಟೈಪ್ ಮಾಡಿ ತಂದರು. ದಪ್ಪ ಕಾಗದ, ಸಾಮಾನ್ಯ ಗಿರಾಕಿಗೆ ಕೊಡುವಂಥದ್ದಲ್ಲ. ಇಂಗ್ಲಿಷಿನಲ್ಲಿದ್ದದ್ದರ ಸಾರ ಇಷ್ಟು: ಇವಳನ್ನು ಎರಡು ವರ್ಷಗಳಿಂದ ಬಲ್ಲೆ. ಸಿನ್ಸಿಯರ್, ಹಾರ್ಡ್‌ವರ್ಕಿಂಗ್ ಮತ್ತು ಒಬೀಡಿಯೆಂಟ್. ವಹಿಸಿದ ಕೆಲಸವನ್ನು ಪ್ರಶ್ನೆ ಮಾಡದೆ ಮುಗಿಸುತ್ತಾಳೆ. ಅನಗತ್ಯವಾಗಿ ರಜೆ ಕೇಳಿದವಳಲ್ಲ. ಈವರೆಗೆ ಇವಳ ಮೇಲೆ ಯಾವ ದೂರೂ ಇಲ್ಲ.

ನಾನು ಅದನ್ನು ಓದಲಿಲ್ಲ ಎಂದು ಹೇಳಿದರೆ ನನ್ನ ಮಾನ ಉಳಿಯುತ್ತದೆ. ಓದಿದ್ದೆ. ಎರಡು ಸಲ ಓದಿದ್ದೆ. ಸಿನ್ಸಿಯರ್ ಆದ ಮೇಲೆ ಪಪ್ಪ ಕಾಮಾ ಹಾಕಿರಲಿಲ್ಲ, ಅದನ್ನು ಹಾಕಿಸಿದೆ. ಉಳಿದದ್ದೆಲ್ಲ ನನಗೆ ಚೆಂದವೇ ಕಂಡಿತು. ಮೂರು ದಿನ ಬಿಸಿಲಿನಲ್ಲಿ ನಿಂತು ಮೇಷ್ಟ್ರಿಗೆ ಎದುರಾಡಿದವಳು ನಾನೇ, 'ಪ್ರಶ್ನೆ ಮಾಡದೆ' ಎಂಬ ಮಾತನ್ನು ಓದಿ ತಲೆಯಾಡಿಸಿದವಳೂ ನಾನೇ. ಸರ್ ಓದುವ ಗೋಜಿಗೂ ಹೋಗದೆ ಸಹಿ ಹಾಕಿ ಸೀಲ್ ಒತ್ತಿದರು.

ಇಂಟರ್‌ವ್ಯೂ ದಿನ ಪಪ್ಪ ರಜೆ ಹಾಕಿ ಜೊತೆಗೆ ಬಂದರು. ಅಬುಧಾಬಿಯ ಬಸ್ಸಿನಲ್ಲಿ ಒರಿಜಿನಲ್ ಕಾಗದಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ಕೈಯಲ್ಲೂ ಹಿಡಿದು ಕೂತಿದ್ದರು. ಯೂನಿವರ್ಸಿಟಿಯ ಹೊರಕೋಣೆಯ ಸೋಫಾದ ತುದಿಯಲ್ಲಿ ಕೂತ ಅವರನ್ನು ಬಿಟ್ಟು ನಾನು ಒಳಗೆ ಹೋದೆ.

ಒಳಗೆ ಮೂವರಿದ್ದರು. ನಡುವೆ ಕನ್ನಡಕ ಹಾಕಿದ ಒಬ್ಬ ಹೆಂಗಸು, ಒಂದು ಕಡೆ ನೀಲಿ ಟೈ ಕಟ್ಟಿದ ಗಂಡಸು, ಇನ್ನೊಂದು ಕಡೆ ಬರೆದುಕೊಳ್ಳುತ್ತಿದ್ದ ಒಬ್ಬ. ನಮ್ಮ ಕಾಲೇಜಿನ ಹೆಸರು ಕೇಳಿಯೇ ಇಲ್ಲ ಎಂದು ಟೈಯವನು ಶುರುಮಾಡಿದ. ಅದಕ್ಕೆ ನಾನೇನು ಮಾಡಲಿ? ಅವನ ಊರಿನ ಹೆಸರು ನಾನೂ ಕೇಳಿರಲಿಲ್ಲ. ಆಮೇಲೆ ಆ ಹೆಂಗಸು ಲೆಟರನ್ನು ಕೈಗೆತ್ತಿಕೊಂಡು ಗಟ್ಟಿಯಾಗಿ ಓದಿದರು. 'ವಹಿಸಿದ ಕೆಲಸವನ್ನು ಪ್ರಶ್ನೆ ಮಾಡದೆ ಮುಗಿಸುತ್ತಾಳೆ' ಎಂಬಲ್ಲಿ ನಿಂತು, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ನಮಗೆ ಬೇಕಾದದ್ದು ಪ್ರಶ್ನೆ ಮಾಡುವವರು."

ಟೈಯವನು ನಕ್ಕ. "ರಜೆ ಕೇಳುವುದಿಲ್ಲವಂತೆ. ಮನೆಗೆಲಸದವಳಿಗೆ ಬರೆದುಕೊಡುವ ಲೆಟರ್ ಥರ ಇದೆಯಲ್ಲ ಇದು."

ಮೂವರೂ ನಕ್ಕರು. ನಾನೂ ನಕ್ಕೆ.

ಹೌದು, ನಕ್ಕೆ. ಅದೂ ಹಲ್ಲು ಕಿರಿದು. ಎದ್ದು ಅವನ ಟೈ ಹಿಡಿದು ಎಳೆಯಬೇಕಿತ್ತು. ಮನೆಗೆಲಸದವಳ ಲೆಟರಿನಲ್ಲಿ ನಗುವಂಥದ್ದೇನಿದೆ ಎಂದು ಕೇಳಬೇಕಿತ್ತು, ಪ್ರಶ್ನೆ ಮಾಡುವವರೇ ಬೇಕು ಎಂದರಲ್ಲ. ನಾನು ಕೇಳಲಿಲ್ಲ. ಇದನ್ನು ಬರೆದದ್ದು ನಿಜವಾಗಿ ನಿಮ್ಮ ಮೇಷ್ಟ್ರೇ ಏನು ಎಂದು ಆ ಹೆಂಗಸು ಕೇಳಿದಾಗ ನಾನು ಹೇಳಿದ್ದು ಇಷ್ಟು, "ಸಹಿ ಅವರದ್ದು. ಬರೆದದ್ದು ಯಾವುದೋ ಟೈಪಿಂಗ್ ಸೆಂಟರಿನವರು. ಅವರ ಹತ್ತಿರ ಎಲ್ಲರಿಗೂ ಒಂದೇ ಲೆಟರ್."

ಅದರಲ್ಲಿ 'ಯಾವುದೋ' ಎಂಬುದೊಂದೇ ಸುಳ್ಳು. ಆ ಒಂದು ಶಬ್ದಕ್ಕಾಗಿ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಆಮೇಲೆ ಜಾರುವ ಕೋಲಿನ ಕಥೆ ಹೇಳಿದೆ. ಅವರ ಮುಖ ಅರಳಿತು. ಟೈಯವನು ಮುಂದೆ ಬಾಗಿ ಕೂತು, ಕೋಲಿನ ದೋಷವನ್ನು ಹೇಗೆ ಹಿಡಿದೆ, ಯಾವ ಅಂಕಿಯಲ್ಲಿ ಅನುಮಾನ ಬಂತು ಎಂದೆಲ್ಲ ಕೇಳಿದ. ನಿಮ್ಮ ಮೇಷ್ಟ್ರು ತಮ್ಮದೇ ಮಾತಿನಲ್ಲಿ ಎರಡು ಸಾಲು ನೇರ ನಮಗೆ ಕಳಿಸಲಿ ಎಂದು ಹೆಂಗಸು ಹೇಳಿದರು. ಸರ್ ಆ ಸಂಜೆಯೇ ಕಳಿಸಿದರು. ಇವಳು ಜಗಳ ಮಾಡುತ್ತಾಳೆ, ಆದರೆ ಜಗಳ ಮುಗಿದ ಮೇಲೆ ನೋಡಿದರೆ ಇವಳು ಹೇಳಿದ್ದೇ ಸರಿಯಿರುತ್ತದೆ ಎಂದು ಬರೆದಿದ್ದರಂತೆ.

ಇಂಟರ್‌ವ್ಯೂ ಮುಗಿದು ನಾನೂ ಆ ಮೂವರೂ ಹೊರಗೆ ಬಂದಾಗ ಪಪ್ಪ ಥಟ್ಟನೆ ಎದ್ದು ನಿಂತು, ಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಗಾಜಿನ ಬಾಗಿಲನ್ನು ಎಳೆದು ಹಿಡಿದರು. "ಗುಡ್ ಆಫ್ಟರ್‌ನೂನ್ ಸರ್" ಎಂದರು. ಟೈಯವನು ಫೋನ್ ನೋಡುತ್ತಲೇ ಥ್ಯಾಂಕ್ಸ್ ಎಂದು ಆ ಬಾಗಿಲಿನಿಂದ ಹೋದ. ಅವನಿಗೆ ಸಿಟ್ಟು ಬರುವಂಥದ್ದನ್ನು ಪಪ್ಪ ಮಾಡಲಿಲ್ಲ, ಪಪ್ಪನಿಗೆ ಸಿಟ್ಟು ಬರುವಂಥದ್ದನ್ನು ಅವನೂ ಮಾಡಲಿಲ್ಲ. ಸಿಟ್ಟೆಲ್ಲ ನನ್ನೊಬ್ಬಳ ಪಾಲಿಗೇ ಬಂತು.

ಅಬುಧಾಬಿಗೆ ಬಂದು ಅಲ್ ಮೀನಾದ ಮೀನು ಮಾರ್ಕೆಟ್ ನೋಡದೆ ಹೋಗುವುದುಂಟೇ ಎಂದು ಪಪ್ಪ ಅಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿ ನೋಡಬೇಕು ಅವರನ್ನು. ಒಂದು ಅಂಜಲ್ ಮೀನಿನ ಕಿವಿರು ಎತ್ತಿ ಇಣುಕಿದರು, ಕಣ್ಣು ಒತ್ತಿದರು, ಬೆನ್ನು ಒತ್ತಿದರು. ಇದು ಯಾವಾಗ ಬಂದದ್ದು? ಯಾವ ದೋಣಿಯದ್ದು? ಬೆಳಿಗ್ಗೆಯದ್ದಾದರೆ ಕಣ್ಣು ಯಾಕೆ ಹೀಗೆ? ಮಾರುವವನು ಆಣೆ ಹಾಕಿದರೂ ನಂಬದೆ, ಮಂಜುಗಡ್ಡೆಯ ಅಡಿಯಿಂದ ಇನ್ನೊಂದು ತೆಗೆಸಿದರು. ಒಂದು ಮೀನಿಗೆ ಇಷ್ಟು ಪ್ರಶ್ನೆ ಕೇಳುವ ಮನುಷ್ಯ ಮಗಳ ಲೆಟರಿನಲ್ಲಿ 'ಪ್ರಶ್ನೆ ಮಾಡದೆ' ಎಂದು ಬರೆದಿದ್ದರು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ ಮೀನಿನ ಕಡೆಯೇ ನೋಡುತ್ತಾ ನಿಂತೆ.

"ಲೆಟರ್ ನೋಡಿದ್ರಾ ಮಗಾ ಅವ್ರು?"

"ನೋಡಿದ್ರು."

"ಎಂತ ಹೇಳಿದ್ರು?"

"ಎಲ್ಲರ ಎದುರು ಗಟ್ಟಿಯಾಗಿ ಓದಿದ್ರು ಪಪ್ಪ."

"ಗಟ್ಟಿಯಾಗಿಯಾ!" ಎಂದರು. ಮೀನಿನ ನೀರು ಸೋರುತ್ತಿದ್ದ ಕೈಯನ್ನು ಪ್ಯಾಂಟಿಗೆ ತಾಗದ ಹಾಗೆ ದೂರ ಹಿಡಿದು ಮುಖವೆಲ್ಲ ನಕ್ಕರು. ಆಮೇಲೆ ಚೌಕಾಸಿ ಮಾಡದೆ ಎರಡು ಅಂಜಲ್ ತೆಗೆದುಕೊಂಡರು. ಬಸ್ಸಿನವನು ಮೀನು ಹತ್ತಿಸಲು ಒಪ್ಪದೆ, ಕೊನೆಗೆ ನಾಲ್ಕು ಚೀಲದೊಳಗೆ ಚೀಲ ಹಾಕಿ, ಡಿಕ್ಕಿಯಲ್ಲಿಟ್ಟು ತಂದದ್ದಾಯಿತು.

ಆ ಮುಂದಿನ ತಿಂಗಳೆಲ್ಲ ಯೂನಿವರ್ಸಿಟಿಯ ಮೇಲ್‌ಗಳು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬರುತ್ತಿದ್ದವು. ಪರಿಶೀಲನೆಯಲ್ಲಿದೆ, ಸಮಿತಿಯ ಮುಂದಿದೆ, ತಿಳಿಸಲಾಗುವುದು. ಕೊನೆಗೊಂದು ದಿನ ಸೀಟು ಸಿಕ್ಕಿತು. ಒಂದು ವಿಷಯ ಬಿಟ್ಟು ಉಳಿದದ್ದೆಲ್ಲವನ್ನೂ ಲೆಕ್ಕಕ್ಕೆ ಹಿಡಿದಿದ್ದರು. ಆ ಒಂದನ್ನು ಬೇಸಿಗೆಯಲ್ಲಿ ಓದಿ ಮುಗಿಸಿದೆ. ಎರಡು ವರ್ಷ ಹಾಸ್ಟೆಲ್ಲಿನಲ್ಲಿದ್ದು, ಶುಕ್ರವಾರದ ರಜೆಯ ಹಿಂದಿನ ಗುರುವಾರದ ಕ್ಲಾಸನ್ನೂ ತಪ್ಪಿಸದೆ, ಪ್ರತಿ ಮೇಷ್ಟ್ರಿಗೂ ತಲೆನೋವು ತಂದು ಓದಿದೆ. ಅಲ್ಲಿ ಎದುರು ಮಾತಾಡಿದಷ್ಟೂ ಮಾರ್ಕ್ಸ್ ಕೊಡುತ್ತಿದ್ದರು.

ಕೊನೆಯ ಪರೀಕ್ಷೆ ಮುಗಿದಾಗ ಪಪ್ಪನ ಕೆಲಸಕ್ಕೆ ಒಂದೇ ವಾರ ಉಳಿದಿತ್ತು. ನಾನು ಮುಹೈಸ್ನಾಕ್ಕೆ ಹೋದೆ. ಆ ದಿನ ಹೇಳಿಬಿಡಬೇಕು ಎಂದು ನಿಶ್ಚಯ ಮಾಡಿಕೊಂಡೇ ಹೋಗಿದ್ದೆ. ಆ ಲೆಟರಿಗೆ ಅವರು ನಕ್ಕರು ಪಪ್ಪ, ನಾನೂ ನಕ್ಕೆ. ಅಷ್ಟೇ, ಎರಡು ವಾಕ್ಯ. ಬಸ್ಸಿನಲ್ಲಿ ಎಷ್ಟು ಸಲ ಹೇಳಿ ನೋಡಿಕೊಂಡೆನೋ.

ಅಂಗಡಿಯಲ್ಲಿ ಪಪ್ಪನ ಎದುರು ಬಾಗಲಕೋಟೆ ಕಡೆಯವನೊಬ್ಬ ಕೂತಿದ್ದ. ನಲವತ್ತು ದಾಟಿದವನು, ಎತ್ತರದ ಕಟ್ಟಡಗಳಿಗೆ ಅಟ್ಟಣಿಗೆ ಕಟ್ಟುವ ಕೆಲಸ. ಹಳೆಯ ಕಂಪನಿ ಮುಚ್ಚಿದೆ, ಹೊಸ ಕಂಪನಿಗೆ ಒಂದು ಲೆಟರ್ ಬೇಕು.

"ಇವಳೇ ನನ್ನ ಮಗಳು" ಎಂದು ಪಪ್ಪ ಅವನಿಗೆ ಹೇಳಿದರು. "ನಿಮಗೆ ಹೇಳಿದೆ ಅಲ್ವಾ? ಇದೇ ಲೆಟರಲ್ಲಿ ಇವಳಿಗೆ ಯೂನಿವರ್ಸಿಟಿ ಸಿಕ್ಕಿದ್ದು. ಭಾರೀ ಪವರ್ ಉಂಟು ಇದಕ್ಕೆ. ಮಗಾ, ನೀನೊಮ್ಮೆ ಕೂತ್ಕೊ, ಇವರ ಹೆಸರು ಹಾಕಿ ಪ್ರಿಂಟ್ ತೆಗೆ. ನಾನು ಕರಕ್ ಚಹಾ ತರ್ತೇನೆ."

ಅವರು ಹೋದರು. ನಾನು ಅವರ ಕುರ್ಚಿಯಲ್ಲಿ ಕೂತು ಫೈಲ್ ನೋಡಿದೆ. ಫೈಲಿನ ಹೆಸರು 'ಡಾಟರ್ ಯೂನಿವರ್ಸಿಟಿ'. ತೆರೆದರೆ ಅದೇ ಸಾಲುಗಳು. ಸಿನ್ಸಿಯರ್ ಆದ ಮೇಲೆ ನಾನು ಹಾಕಿಸಿದ ಕಾಮಾ ಹಾಗೆಯೇ ಇತ್ತು. ಎರಡು ವರ್ಷದಿಂದ ಪಪ್ಪ ಇದನ್ನೇ ಮುಹೈಸ್ನಾದ ಜನರಿಗೆಲ್ಲ, ನನ್ನ ಕಥೆ ಹೇಳಿ ಹೇಳಿ, ಹಂಚುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಎಲ್ಲ ಅಳಿಸಿದೆ. ಆ ಮನುಷ್ಯನನ್ನು ಕೇಳಿದೆ, "ನೀವು ಕೆಲಸದಲ್ಲಿ ಮಾಡಿದ ಒಂದು ಒಳ್ಳೇ ವಿಷಯ ಹೇಳಿ. ನಿಮಗೇ ಹೆಮ್ಮೆ ಅನ್ನಿಸಿದ್ದು."

ಅವನು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಆಮೇಲೆ ಹೇಳಿದ, "ಒಮ್ಮೆ ಅಟ್ಟಣಿಗಿ ಕ್ಲಾಂಪ್ ಸಡ್ಲ ಆಗಿತ್ರೀ. ಫೋರ್‌ಮನ್ ಯಲ್ಲಾ ಯಲ್ಲಾ, ಲಗೂನ ಹತ್ರಿ ಅಂತಿದ್ದ. ನಾ ಹತ್ತಂಗಿಲ್ಲ, ಇವರನ್ನೂ ಹತ್ತಸಂಗಿಲ್ಲ ಅಂತ ಅಡ್ಡ ನಿಂತೆ. ಭಾಳ ಬೈದ. ಕಡೀಗೆ ಬಿಚ್ಚಿ ಮತ್ತ ಕಟ್ಟಿಸಿದ. ನಾಕ್ ಮಂದಿ ಉಳದ್ರು ನೋಡ್ರಿ."

ನನ್ನ ಕೈ ಓಡಿತು. ಅಷ್ಟು ಒಳ್ಳೆಯ ಲೆಟರನ್ನು ನಾನು ಆವರೆಗೆ ಬರೆದಿರಲಿಲ್ಲ. ಕ್ಲಾಂಪ್, ಫೋರ್‌ಮನ್, ಅಡ್ಡ ನಿಂತದ್ದು, ಉಳಿದ ನಾಲ್ವರು. ಬರೆದದ್ದನ್ನು ಅವನಿಗೆ ಕನ್ನಡದಲ್ಲಿ ಹೇಳಿದೆ. ಅವನು ಕುರ್ಚಿಯಿಂದ ಅರ್ಧ ಎದ್ದ.

"ಅಯ್ಯೋ, ಅದನ್ನ ತಗೀರಿ ಮೇಡಂ. ಫೋರ್‌ಮನ್‌ಗ ಎದುರು ಮಾತಾಡಿದಾಂವ ಅಂತ ಗೊತ್ತಾದ್ರ ನನಗ ಯಾರ್ ಕೆಲ್ಸ ಕೊಡ್ತಾರ? ಅಪ್ಪಾರು ಬರದಿದ್ರಲ್ಲ, ಅದನ್ನ ಹಾಕ್ರಿ. ಒಬೀಡಿಯೆಂಟ್ ಅಂತ ಹಾಕ್ರಿ. ಅದು ಇರ್ಲಿಕ್ಕೇ ಬೇಕ್ರಿ."

ಅದೇ ಮಾತು, ಅದೇ ಎದುರಾಟ. ನನಗೆ ಬಾಗಿಲು ತೆರೆದದ್ದು ಅವನಿಗೆ ಬಾಗಿಲು ಮುಚ್ಚುತ್ತಿತ್ತು. ಪಪ್ಪನಿಗೆ ಇದು ಇಪ್ಪತ್ತಾರು ವರ್ಷದಿಂದ ಗೊತ್ತಿತ್ತು. ಗೊತ್ತಿಲ್ಲದೆ ಹೋದವಳು ನಾನು, ಡಿಗ್ರಿ ಮುಗಿಸಿದವಳು. ಯಾರ ಮೇಲೆ ಕೂಗಾಡಲಿ? ಯಾರ ಮೇಲೆ ಕೂಗಾಡಬೇಕಿತ್ತೋ ಅವರು ಯಾರೂ ಆ ಅಂಗಡಿಯಲ್ಲಿರಲಿಲ್ಲ.

ಫೈಲನ್ನು ಉಳಿಸದೆ ಮುಚ್ಚಿ, ಹಳೆಯದನ್ನು ಮತ್ತೆ ತೆರೆದೆ. ಅವಳು ಎಂದಿದ್ದಲ್ಲೆಲ್ಲ ಅವನು ಮಾಡಿದೆ. ಅವನ ಹೆಸರು ಹಾಕಿದೆ. ಅಷ್ಟರಲ್ಲಿ ಪಪ್ಪ ಮೂರು ಕಾಗದದ ಲೋಟಗಳಲ್ಲಿ ಚಹಾ ಹಿಡಿದು ಬಂದರು. ಮೊದಲು ಅವನಿಗೆ ಕೊಟ್ಟು, ನನ್ನ ಭುಜದ ಮೇಲಿಂದ ಬಾಗಿ ಲೆಟರನ್ನು ಮೊದಲಿನಿಂದ ಕೊನೆಯವರೆಗೆ, ಇಪ್ಪತ್ತಾರು ವರ್ಷ ಓದಿದ ಹಾಗೆಯೇ, ತುಟಿಯಾಡಿಸುತ್ತ ಓದಿದರು.

"ಎಲ್ಲ ಸರಿ ಉಂಟಲ್ಲ ಮಗಾ?"

"ಸರಿ ಉಂಟು ಪಪ್ಪ" ಎಂದು ದಪ್ಪ ಕಾಗದ ಹಾಕಿ ಪ್ರಿಂಟ್ ಒತ್ತಿದೆ.